ರಿಸ್ಟೋರ್ ಒಂದು ವಿಎಂಗೆ, ನಿಂತದ್ದು ಇಡೀ ಮಿಲ್ಲು

ಪ್ರಶ್ನೆ: ಗಂಗಾವತಿಯ ರೈಸ್‌ಮಿಲ್ಲೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ತಂತ್ರಾಂಶ) ಇರುವ ಎರಡು ಸರ್ವರ್, ಎರಡಕ್ಕೂ ಸೇರಿ ಒಂದೇ ನ್ಯಾಸ್, ಅಂದರೆ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕಿನ ಪೆಟ್ಟಿಗೆ (ನಾಲ್ಕು ಸಾಟಾ ಡಿಸ್ಕು; ಒಂದು ಕೆಟ್ಟರೂ ಮಾಹಿತಿ ಉಳಿಯುವ ರೇಡ್ 5 ಜೋಡಣೆ; ಹಂಚಿಕೆ ಎನ್‌ಎಫ್‌ಎಸ್‌ನಲ್ಲಿ), ನಡುವೆ ಗಿಗಾಬಿಟ್ ಕೇಬಲ್. ಬಿಲ್ಲಿಂಗ್ ವಿಎಂ ಕೆಟ್ಟಿತು. ಯುಎಸ್‌ಬಿ ಡಿಸ್ಕಿನ ಬ್ಯಾಕಪ್‌ನಿಂದ 500 ಜಿಬಿ ರಿಸ್ಟೋರ್ ಹಚ್ಚಿದೆ. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಲಾರಿ ತೂಗುವ ವೇಬ್ರಿಜ್‌ನ ವಿಎಂ ಕಲ್ಲಾಯಿತು, ಗೇಟಿನಾಚೆ ಭತ್ತದ ಲಾರಿಗಳ ಸಾಲು. ಹೊಸ ನ್ಯಾಸ್ ಬೇಕೆ?

ಉತ್ತರ: ಬೇಡ, ದುಡ್ಡು ಉಳಿಸಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ತೂಬು ಪೂರ್ತಿ ಎತ್ತಿದರೆ ಕೊನೆಭಾಗದ ನಮ್ಮ ರಾಯಚೂರಿಗೆ ಏನು ಬರುತ್ತದೆ ಎಂದು ಗಂಗಾವತಿಯವರಿಗೆ ನಾನು ಹೇಳಬೇಕಿಲ್ಲ. (ಆ ಜಗಳ ಇನ್ನೊಂದು ಸಲ.) ನಿಮ್ಮ ರಿಸ್ಟೋರ್ ತೂಬು ಪೂರ್ತಿ ಎತ್ತಿ ಕೂತಿತ್ತು.

ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ. ಮಿಕ್ಕ ವಿಎಂಗಳ ಓದು-ಬರಹವೂ ಅದೇ ತಂತಿಯಲ್ಲಿ. ಡಿಸ್ಕಿನ ಕಡೆ ಇನ್ನೂ ಬಿಗಿ: 7200 ಆರ್‌ಪಿಎಂ ಸಾಟಾ ಡಿಸ್ಕು ಅಲ್ಲೊಂದು ಇಲ್ಲೊಂದು ಜಾಗಕ್ಕೆ ಸೆಕೆಂಡಿಗೆ 75ರಿಂದ 100 ಸಲ ಓಡಾಡಬಲ್ಲದು, ಅಷ್ಟೆ. ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ಎರಡು ಓದು, ಎರಡು ಬರಹ. ವೇಬ್ರಿಜ್‌ನ ರಸೀದಿ ಅಂಥ ಚಿಕ್ಕ ಬರಹ; ಅದು 500 ಜಿಬಿಯ ಹಿಂದೆ ಪಾಳಿ ಹಚ್ಚಿತ್ತು.

ಇನ್ನು ಆ ಐದು ನಿಮಿಷ. ನಾನೂ ಅದನ್ನು ನಂಬಿ ಕೆಟ್ಟವನೇ. ಒಂದು ಮೇ ಮಧ್ಯಾಹ್ನ ಇಲ್ಲೇ ಒಂದು ಕಚೇರಿಯಲ್ಲಿ ಎರಡು ರಿಸ್ಟೋರ್ ಒಟ್ಟಿಗೆ ಹಚ್ಚಿ, ವೇಗ ನೋಡಿ ಖುಷಿಯಾಗಿ ಮಿರ್ಚಿ-ಮಂಡಕ್ಕಿಗೆ ಇಳಿದು ಹೋದೆ. ಬರುವಷ್ಟರಲ್ಲಿ ಐಡಿಇ ಡಿಸ್ಕಿನ ಹಳೇ ಲಿನಕ್ಸ್ ವಿಎಂ ಕಾದು ಕಾದು ರೀಡ್-ಓನ್ಲಿ (ಓದಬಹುದು, ಬರೆಯಲಾಗದು) ಆಗಿತ್ತು. ಮೊದಮೊದಲು ಬರುವುದನ್ನೆಲ್ಲ ಸರ್ವರಿನ, ನ್ಯಾಸ್‌ನ ರ್‍ಯಾಮ್ ನುಂಗಿಕೊಳ್ಳುತ್ತದೆ. ಅದು ತುಂಬಿದ ಮೇಲೆ ಡಿಸ್ಕಿನ ನಿಜವಾದ ತಾಕತ್ತು ಗೊತ್ತಾಗುತ್ತದೆ. ಆದ್ದರಿಂದ ರಿಸ್ಟೋರ್ ವೇಗಕ್ಕೆ ಮಿತಿ ಹಾಕಿ ಕಾಲು ಗಂಟೆ ಕಳೆಯುವವರೆಗೆ ಕುರ್ಚಿ ಬಿಡಬೇಡಿ. ಸರ್ವರಿನ ಸಮ್ಮರಿ ಪುಟದ ಐಒ ಡಿಲೇ (ಡಿಸ್ಕಿಗಾಗಿ ಕಾಯುವಿಕೆ) ಗೆರೆ ನೋಡುತ್ತಿರಿ. ಅದು ಏರುತ್ತಲೇ ಹೋದರೆ ಮಿತಿ ಇನ್ನೂ ಇಳಿಸಿ.

ಮಿತಿ ಹಾಕುವ ಜಾಗ ರಿಸ್ಟೋರ್ ಕಿಟಕಿಯಲ್ಲೇ ಇದೆ, ಬ್ಯಾಂಡ್‌ವಿಡ್ತ್ ಲಿಮಿಟ್. ನಿಮಗೆ ಸೆಕೆಂಡಿಗೆ 40 ಎಂಬಿಯಿಂದ ಶುರು ಮಾಡಿ ಎನ್ನುತ್ತೇನೆ. 500 ಜಿಬಿಗೆ ಮೂರೂವರೆ ಗಂಟೆ ಆಗುತ್ತದೆ, ಆಗಲಿ. ಒಂದು ಎಚ್ಚರ: ಆ ಕಿಟಕಿಯಲ್ಲಿ ಲೆಕ್ಕ ಎಂಬಿಯಲ್ಲಿ, ಕ್ಯೂಎಂರಿಸ್ಟೋರ್ ಕಮಾಂಡಿನ ಬಿಡಬ್ಲ್ಯೂಲಿಮಿಟ್‌ನಲ್ಲಿ ಕೆಬಿಯಲ್ಲಿ. ಅಲ್ಲಿ 40 ಎಂದರೆ ಸೆಕೆಂಡಿಗೆ 40 ಕೆಬಿ. ಮುಂದಿನ ಸುಗ್ಗಿಗೂ ಮುಗಿಯುವುದಿಲ್ಲ. 40960 ಕೊಡಬೇಕು. ಮಿತಿ ಒಂದೊಂದು ಕೆಲಸಕ್ಕೆ ಬೇರೆ ಬೇರೆ ಲೆಕ್ಕ, ಎರಡು ರಿಸ್ಟೋರ್ ಓಡಿದರೆ 80. ಒಂದು ಮುಗಿದ ಮೇಲೆ ಇನ್ನೊಂದು. ಡೇಟಾಸೆಂಟರ್‌ನ ಆಪ್ಷನ್ಸ್‌ನಲ್ಲಿ ಶಾಶ್ವತವಾಗಿ ಬರೆದಿಟ್ಟರೆ ಮರೆವಿನ ಭಯವಿಲ್ಲ.

ಸರ್ವರಿನ ಒಳಗೇ ಎಸ್‌ಎಸ್‌ಡಿ ಇದ್ದರೆ ನಾನಂತೂ ಅಲ್ಲಿಗೇ ರಿಸ್ಟೋರ್ ಮಾಡಿ ವಿಎಂ ಓಡಿಸಿಬಿಡುತ್ತೇನೆ, ರಾತ್ರಿ ಮಿಲ್ಲು ನಿಂತ ಮೇಲೆ ಡಿಸ್ಕನ್ನು ನ್ಯಾಸ್‌ಗೆ ಮೂವ್ ಮಾಡುತ್ತೇನೆ. ರಿಸ್ಟೋರ್‌ಗೆ ಹಾಕಿದ ಮಿತಿ ಮೂವ್‌ಗೆ ಅನ್ವಯಿಸುವುದಿಲ್ಲ, ಅದಕ್ಕೂ ಬೇರೆಯಾಗಿ ಹಾಕಿ.

ಮಧ್ಯದಲ್ಲಿ ಸಿಕ್ಕಿಕೊಂಡರೆ ಟಾಸ್ಕ್ ಸ್ಟಾಪ್ ಮಾಡಿ, ಸುಮ್ಮನೆ ಕೆಲವು ನಿಮಿಷ ಕಾಯಿರಿ. ರ್‍ಯಾಮಿನಲ್ಲಿ ಉಳಿದದ್ದು ಡಿಸ್ಕಿಗೆ ಇಳಿಯುವವರೆಗೆ ನ್ಯಾಸ್‌ನ ಲೈಟು ಮಿಣುಕುತ್ತಲೇ ಇರುತ್ತದೆ. ಗಾಬರಿಯಿಂದ ನ್ಯಾಸ್‌ನ ಪವರ್ ಬಟನ್ ಒತ್ತಬೇಡಿ. ಮತ್ತೆ, ಆ ವೇಬ್ರಿಜ್ ವಿಎಂ ದೊಡ್ಡದಿರಲಾರದು. ಅದನ್ನು ಸರ್ವರಿನ ಸ್ವಂತ ಡಿಸ್ಕಿಗೆ ಹಾಕಿಬಿಡಿ, ದಿನಾ ರಾತ್ರಿ ಬ್ಯಾಕಪ್ ತೆಗೆಯಿರಿ.