ಗೆಲ್ಲುತ್ತಲೇ ಇದ್ದ ಎಚ್‌ಟಿಸಿ-ಹೈರೋಡ್ ಸೈಕ್ಲಿಂಗ್ ತಂಡ ಮುಚ್ಚಿದ್ದೇಕೆ? ಹಾಸನದಲ್ಲಿ ಸ್ಪಾನ್ಸರ್ ಹಿಡಿದು ತಂಡ ಕಟ್ಟಿದರೆ ಎಲ್ಲಿ ಎಡವುತ್ತೇವೆ?

ನೀವು ಕೇಳಿರುವುದು ಎರಡು ವಿಷಯ. ಅಷ್ಟೊಂದು ರೇಸ್ ಗೆದ್ದ ಎಚ್‌ಟಿಸಿ-ಹೈರೋಡ್ 2011ರಲ್ಲಿ ಬಾಗಿಲು ಹಾಕಿದ್ದೇಕೆ ಅನ್ನುವುದು ಒಂದು. ಹಾಸನದ ನಿಮ್ಮ ಆರು ಜನರ ತಂಡಕ್ಕೆ ಕಾಫಿ ವ್ಯಾಪಾರಿಯೊಬ್ಬರು ಜೆರ್ಸಿ, ಖರ್ಚು ಎರಡೂ ಕೊಡುತ್ತೇನೆ ಎಂದಿದ್ದಾರೆ, ಎಲ್ಲಿ ಎಡವಬಹುದು ಅನ್ನುವುದು ಇನ್ನೊಂದು. ಚಿಕ್ಕಮಗಳೂರಿನಲ್ಲಿ ಕೂತು ಬರೆಯುತ್ತಿದ್ದೇನೆ, ಹಾಗಾಗಿ ನಿಮ್ಮ ಘಾಟಿ, ನಿಮ್ಮ ಮಳೆ, ನಿಮ್ಮ ಕಾಫಿ ಲೆಕ್ಕ ಎಲ್ಲ ನನಗೂ ಗೊತ್ತಿರುವುದೇ. ಮೊದಲು ಆ ತಂಡದ ಕಥೆ ತಿಳಿದುಕೊಳ್ಳಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಆ ತಂಡ ಹುಟ್ಟಿದ್ದು ಜರ್ಮನಿಯಲ್ಲಿ, 1991ರಲ್ಲಿ, ಟೆಲಿಕಾಮ್ ಕಂಪನಿಯ ಹಣದಿಂದ. 1996ರಲ್ಲಿ ಬ್ಯಾರ್ನ್ ರೀಸ್, 1997ರಲ್ಲಿ ಯಾನ್ ಉಲ್ರಿಖ್ ಟೂರ್ ದ ಫ್ರಾನ್ಸ್ ಗೆದ್ದರು. ಎರಿಕ್ ಝಾಬೆಲ್ 1996ರಿಂದ 2001ರವರೆಗೆ ಸತತ ಆರು ವರ್ಷ ಅದೇ ಟೂರ್‌ನ ಹಸಿರು ಜೆರ್ಸಿ, ಅಂದರೆ ಅಂಕಗಳ ಪಟ್ಟಿಯಲ್ಲಿ ಮೊದಲಿಗನಿಗೆ ಕೊಡುವ ಜೆರ್ಸಿ, ತೊಟ್ಟರು. ಮುಂದೆ ಹೆಸರು ಟಿ-ಮೊಬೈಲ್ ಎಂದಾಯಿತು. ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. 2006ರಲ್ಲಿ ಟೂರ್ ಶುರುವಾಗುವ ಹಿಂದಿನ ದಿನ, ಸ್ಪೇನ್‌ನ ಡೋಪಿಂಗ್ ತನಿಖೆಯಲ್ಲಿ ಹೆಸರು ಬಂದಿದ್ದರಿಂದ ಉಲ್ರಿಖ್‌ನನ್ನು ಹೊರಗಿಟ್ಟರು. 2007ರ ಮೇ ತಿಂಗಳಲ್ಲಿ ರೀಸ್, ಝಾಬೆಲ್, ರೋಲ್ಫ್ ಆಲ್ಡಾಗ್ ಒಬ್ಬರ ಹಿಂದೊಬ್ಬರು ಹಳೆಯ ದಿನಗಳಲ್ಲಿ ಮದ್ದು ತೆಗೆದುಕೊಂಡಿದ್ದನ್ನು ಒಪ್ಪಿಕೊಂಡರು. ಅದೇ ವರ್ಷದ ಟೂರ್ ನಡೆಯುತ್ತಿರುವಾಗ ಪ್ಯಾಟ್ರಿಕ್ ಸಿಂಕೆವಿಟ್ಸ್ ಟೆಸ್ಟೋಸ್ಟಿರಾನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಹೊರಬಿತ್ತು. ಜರ್ಮನಿಯ ಎರಡು ಸಾರ್ವಜನಿಕ ವಾಹಿನಿಗಳು ನೇರಪ್ರಸಾರವನ್ನೇ ನಿಲ್ಲಿಸಿದವು. ಟಿವಿಯಲ್ಲಿ ಜೆರ್ಸಿ ಕಾಣದಿದ್ದ ಮೇಲೆ ಹಣ ಕೊಡುವವರು ಯಾರು? ತಂಡಕ್ಕೆ ಒಪ್ಪಂದ 2010ರವರೆಗೆ ಇತ್ತು. ಆದರೂ 2007ರ ನವೆಂಬರ್‌ನಲ್ಲಿ ಟೆಲಿಕಾಮ್ ಹೊರನಡೆಯಿತು.

ಅಷ್ಟರಲ್ಲಿ ತಂಡದ ಉಸ್ತುವಾರಿ ಅಮೆರಿಕದ ಬಾಬ್ ಸ್ಟೇಪಲ್ಟನ್ ಕೈಗೆ ಬಂದಿತ್ತು. ಅವರು ಮೊಬೈಲ್ ಫೋನ್ ವ್ಯವಹಾರದಲ್ಲೇ ಬೆಳೆದವರು. 2008ರ ಮೊದಲರ್ಧ ಎದೆಯ ಮೇಲೆ ಯಾವ ಸ್ಪಾನ್ಸರ್ ಹೆಸರೂ ಇಲ್ಲದೆ, 'ಹೈರೋಡ್' ಅನ್ನುವ ಸ್ವಂತ ಹೆಸರಿನಲ್ಲೇ ತಂಡ ಓಡಿತು. ಆ ಜೆರ್ಸಿಯಲ್ಲೇ ತಂಡದ ಸ್ಪ್ರಿಂಟರ್, ಅಂದರೆ ಕೊನೆಯ ಗೆರೆಯ ಹತ್ತಿರ ಮಿಂಚಿನಂತೆ ನುಗ್ಗುವ ಸವಾರ, ಮಾರ್ಕ್ ಕ್ಯಾವೆಂಡಿಶ್ ಇಟಲಿಯ ದೊಡ್ಡ ರೇಸ್ ಜೀರೋ ದಿ ಇಟಾಲಿಯಾದಲ್ಲಿ ಎರಡು ಹಂತ (ಒಂದೊಂದು ದಿನದ ಓಟ) ಗೆದ್ದ. ಟೂರ್‌ಗೆ ಮೊದಲು ಬಟ್ಟೆ ಕಂಪನಿ ಕೊಲಂಬಿಯಾ ಬಂತು. ಆ ಟೂರ್‌ನಲ್ಲಿ ಕ್ಯಾವೆಂಡಿಶ್ ಗೆದ್ದಿದ್ದು ನಾಲ್ಕು ಹಂತ, 2009ರಲ್ಲಿ ಆರು, 2010ರಲ್ಲಿ ಐದು, 2011ರಲ್ಲಿ ಮತ್ತೆ ಐದು ಮತ್ತು ಹಸಿರು ಜೆರ್ಸಿ. ನಾಲ್ಕು ಟೂರ್‌ಗಳಲ್ಲಿ 20 ಹಂತ. ತೈವಾನ್‌ನ ಫೋನ್ ಕಂಪನಿ ಎಚ್‌ಟಿಸಿ ಬೆನ್ನಿಗಿತ್ತು. ಆ ದಿನಗಳಲ್ಲಿ ಆಂಡ್ರಾಯ್ಡ್ ಅಂದರೆ ಎಚ್‌ಟಿಸಿ ಅನ್ನುವ ಕಾಲ, ನಮ್ಮೂರ ಮೊಬೈಲ್ ಅಂಗಡಿಗಳಲ್ಲೂ ಅದೇ ಬೋರ್ಡು.

ಆ ಗೆಲುವುಗಳು ಹೇಗೆ ಬರುತ್ತಿದ್ದವು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಖರ್ಚು ಅಡಗಿದ್ದು ಅಲ್ಲೇ. ಗಂಟೆಗೆ 60 ಕಿಮೀ ವೇಗದಲ್ಲಿ ತುಳಿದ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಹಿಂಚಕ್ರಕ್ಕೆ ಒಂದು ಗೇಣಿನಷ್ಟು ಅಂತರದಲ್ಲಿ ಅಂಟಿಕೊಂಡವನಿಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿತಾಯವಾಗುತ್ತದೆ. ಹಾಗಾಗಿ ಬೆರ್ಟ್ ಗ್ರಾಬ್ಶ್, ಟೋನಿ ಮಾರ್ಟಿನ್‌ನಂಥ ಟೈಮ್ ಟ್ರಯಲ್ (ಗಡಿಯಾರದ ವಿರುದ್ಧ ಒಬ್ಬಂಟಿ ಓಟ) ಗಟ್ಟಿಗರು ಗಂಟೆಗಟ್ಟಲೆ ಗುಂಪಿನ ಮುಂದೆ ನಿಂತು, ಗುಂಪು ಬಿಟ್ಟು ಮುಂದೆ ಓಡಿದವರನ್ನು ಬೆನ್ನಟ್ಟಿ ಹಿಡಿಯುತ್ತಿದ್ದರು. ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಬರ್ನ್‌ಹಾರ್ಡ್ ಐಸೆಲ್‌ನಂಥವರ ಸರದಿ. ಕಟ್ಟಕಡೆಗೆ ಮಾರ್ಕ್ ರೆನ್‌ಶಾ. ಗೆರೆಗೆ ಸುಮಾರು 200 ಮೀಟರ್ ಇರುವಾಗ ಅವನು ಬದಿಗೆ ಸರಿದರೆ ಕ್ಯಾವೆಂಡಿಶ್‌ಗೆ ಉಳಿಯುವುದು ಹತ್ತು ಹನ್ನೆರಡು ಸೆಕೆಂಡಿನ ಕೆಲಸ. 2009ರಲ್ಲಿ ಪ್ಯಾರಿಸ್‌ನ ಕೊನೆಯ ಹಂತದಲ್ಲಿ ಕಾಂಕಾರ್ಡ್ ಚೌಕದಿಂದ ಬಲಕ್ಕೆ ತಿರುಗಿ ಶಾಂಜೆಲಿಜೆಗೆ ಬಂದಾಗ ರೆನ್‌ಶಾ ಎಷ್ಟು ವೇಗದಲ್ಲಿ ಎಳೆದಿದ್ದನೆಂದರೆ, ಕ್ಯಾವೆಂಡಿಶ್ ಗೆದ್ದ, ದಾರಿ ಬಿಟ್ಟುಕೊಟ್ಟ ರೆನ್‌ಶಾ ತಾನೇ ಎರಡನೆಯವನಾಗಿ ಗೆರೆ ದಾಟಿದ. ಎಳೆಯುವವನನ್ನೂ ಹಿಂದಿಕ್ಕಲು ಉಳಿದ ತಂಡಗಳಿಗೆ ಆಗಲಿಲ್ಲ.

ಈಗ ತಂಡದ ಮಾಲೀಕನ ಜಾಗದಲ್ಲಿ ನಿಂತು ನೋಡಿ. ಇಂಥ ಪ್ರತಿ ಗೆಲುವಿನ ಮಾರನೆಯ ದಿನ ಕ್ಯಾವೆಂಡಿಶ್ ಬೆಲೆ ಏರುತ್ತದೆ, ರೆನ್‌ಶಾ ಬೆಲೆ ಏರುತ್ತದೆ, ಮಾರ್ಟಿನ್ ಬೆಲೆಯೂ ಏರುತ್ತದೆ. ಸ್ಪಾನ್ಸರ್ ಕೊಡುವ ಹಣ ಮಾತ್ರ ಒಪ್ಪಂದದಲ್ಲಿ ಬರೆದಷ್ಟೇ. ಒಂದೇ ತಂಡದಲ್ಲಿ ಇಬ್ಬರು ದೊಡ್ಡ ಸ್ಪ್ರಿಂಟರ್‌ಗಳನ್ನು ಇಟ್ಟುಕೊಳ್ಳಲಾಗದೆ ಆಂಡ್ರೆ ಗ್ರೈಪೆಲ್ 2010ರ ಕೊನೆಯಲ್ಲಿ ಬೇರೆ ತಂಡಕ್ಕೆ ಹೋದ. ಕ್ರಿಕೆಟ್‌ನಂತೆ ಟಿಕೆಟ್ ಹಣ ಇಲ್ಲಿಲ್ಲ, ರಸ್ತೆ ಬದಿ ನಿಂತು ನೋಡುವವರು ದುಡ್ಡು ಕೊಡುವುದಿಲ್ಲ. ಟಿವಿ ಹಕ್ಕಿನ ಹಣ ರೇಸ್ ನಡೆಸುವವರಿಗೆ ಸೇರುತ್ತದೆ. ಬಹುಮಾನವನ್ನು ಸವಾರರು, ಮೆಕ್ಯಾನಿಕ್‌ಗಳು, ಮಾಲೀಶು ಮಾಡುವವರು ಹಂಚಿಕೊಳ್ಳುವುದು ರೂಢಿ. ಬಸ್ಸು, ಕಾರು, ಸೈಕಲ್ ಬಿಟ್ಟರೆ ತಂಡಕ್ಕೆ ತನ್ನದು ಅಂತ ಇರುವುದು ಕೊನೆಯ ದಿನಾಂಕ ಬರೆದಿರುವ ಒಂದು ಕಾಗದ. ನನ್ನ ಅಭಿಪ್ರಾಯದಲ್ಲಿ ಹೈರೋಡ್ ಮುಚ್ಚಿದ್ದಕ್ಕೆ ಮೂಲ ಕಾರಣ ಇದೇ. ಗೆದ್ದಷ್ಟೂ ಖರ್ಚು ಬೆಳೆಯಿತು, ಆದಾಯ ಮಾತ್ರ ಒಬ್ಬರ ಮನಸ್ಸಿಗೆ ಕಟ್ಟಿಹಾಕಿದ್ದಾಗಿತ್ತು.

2011ರ ಟೂರ್ ಮುಗಿದು ಎರಡು ವಾರ ಕಳೆಯುವ ಮೊದಲೇ, ಆಗಸ್ಟ್ ಆರಂಭದಲ್ಲಿ, ಮುಂದಿನ ವರ್ಷಕ್ಕೆ ಸ್ಪಾನ್ಸರ್ ಸಿಗಲಿಲ್ಲ, ತಂಡ ಮುಚ್ಚುತ್ತಿದ್ದೇವೆ ಎಂದು ಸ್ಟೇಪಲ್ಟನ್ ಹೇಳಿಬಿಟ್ಟರು. ಈ ದಿನಾಂಕ ಗಮನಿಸಿ. ಸವಾರರು ಬೇರೆ ತಂಡಕ್ಕೆ ಸಹಿ ಹಾಕಿದ್ದನ್ನು ಪ್ರಕಟಿಸಬಹುದಾದ ಅವಧಿ ಶುರುವಾಗುವುದು ಆಗಸ್ಟ್ 1ಕ್ಕೆ. ಇನ್ನೂ ಎರಡು ತಿಂಗಳು ಆಸೆ ಇಟ್ಟುಕೊಂಡು ಕಾದಿದ್ದರೆ ದೊಡ್ಡ ಹೆಸರಿನವರಿಗೆ ಏನೂ ಆಗುತ್ತಿರಲಿಲ್ಲ, ಮೆಕ್ಯಾನಿಕ್ ಮತ್ತು ಹೊಸ ಹುಡುಗರು ಬೀದಿಗೆ ಬೀಳುತ್ತಿದ್ದರು. ಕ್ಯಾವೆಂಡಿಶ್ ಸ್ಕೈ ತಂಡಕ್ಕೆ, ಮಾರ್ಟಿನ್ ಒಮೆಗಾ ಫಾರ್ಮಾ–ಕ್ವಿಕ್ ಸ್ಟೆಪ್‌ಗೆ, ಮ್ಯಾಥ್ಯೂ ಗಾಸ್ ಗ್ರೀನ್‌ಎಡ್ಜ್‌ಗೆ ಹೋದರು. ಮಹಿಳಾ ತಂಡ 2012ರಲ್ಲಿ ಸ್ಪೆಷಲೈಸ್ಡ್–ಲುಲುಲೆಮನ್ ಹೆಸರಿನಲ್ಲಿ ಮುಂದುವರಿದು, ಅದೇ ವರ್ಷ ತಂಡಗಳ ಟೈಮ್ ಟ್ರಯಲ್‌ನಲ್ಲಿ ವಿಶ್ವ ಚಾಂಪಿಯನ್ ಆಯಿತು. ಮುಚ್ಚುವ ಸುದ್ದಿ ಬಂದ ಮುಂದಿನ ತಿಂಗಳೇ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಶಿಪ್. ರಸ್ತೆ ರೇಸ್‌ನಲ್ಲಿ ಮೊದಲು ಕ್ಯಾವೆಂಡಿಶ್, ಎರಡನೆಯವ ಗಾಸ್, ಮೂರನೆಯವ ಹಿಂದಿನ ವರ್ಷ ಬಿಟ್ಟುಹೋದ ಗ್ರೈಪೆಲ್. ಟೈಮ್ ಟ್ರಯಲ್ ಚಿನ್ನ ಟೋನಿ ಮಾರ್ಟಿನ್‌ಗೆ. ಸ್ಪಾನ್ಸರ್ ಸಿಗದೆ ಮುಚ್ಚಿದ ತಂಡ ಇದು!

ಇದು ಅಪವಾದ ಅಂದುಕೊಳ್ಳಬೇಡಿ. 2023ರಲ್ಲಿ ಇಟಲಿಯ ಜೀರೋ, ಫ್ರಾನ್ಸಿನ ಟೂರ್, ಸ್ಪೇನ್‌ನ ವುವೆಲ್ಟಾ ಮೂರನ್ನೂ ಒಂದೇ ವರ್ಷ ಮೂವರು ಸವಾರರಿಂದ ಗೆದ್ದ ಯುಂಬೊ–ವಿಸ್ಮಾ ತಂಡವನ್ನೂ ಯುಂಬೊ ಸೂಪರ್‌ಮಾರ್ಕೆಟ್ ಕೈಬಿಟ್ಟಿತು. ಇನ್ನೊಂದು ತಂಡದ ಜೊತೆ ವಿಲೀನದ ಮಾತುಕತೆಯವರೆಗೂ ಹೋಗಿ, ಕಡೆಗೆ ಹೊಸ ಸ್ಪಾನ್ಸರ್ ಸಿಕ್ಕಿ ಅದು ಉಳಿಯಿತು. ಫ್ರಾನ್ಸಿನ ಬಿ ಅಂಡ್ ಬಿ ಹೋಟೆಲ್ಸ್ ತಂಡ ಮಾತ್ರ 2022ರ ಡಿಸೆಂಬರ್‌ವರೆಗೆ ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದು ಮುಚ್ಚಿತು. ಅಷ್ಟು ಹೊತ್ತಿಗೆ ಉಳಿದ ತಂಡಗಳಲ್ಲಿ ಜಾಗ ತುಂಬಿಹೋಗಿತ್ತು.

ಇನ್ನು ನಿಮ್ಮ ವಿಷಯ. ನಿಮ್ಮ ಸ್ಪಾನ್ಸರ್ ಕಾಫಿಯವರು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ. ಕಣದಲ್ಲಿ ಒಣಗಿ, ಕ್ಯೂರಿಂಗ್ ಮುಗಿದು, ಮಾಲು ಮಾರಿ ದುಡ್ಡು ಕೈಗೆ ಬರುವಾಗ ಬೇಸಿಗೆ. ನಿಮಗೆ ಟೈರು, ಚೈನು, ಪ್ರಯಾಣದ ಖರ್ಚು ಬೀಳುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಶುರು. ಅಂದರೆ ಅವರ ಜೇಬು ಖಾಲಿ ಇರುವ ತಿಂಗಳಲ್ಲೇ ನೀವು ಕೈ ಚಾಚುತ್ತೀರಿ. ಅವರದು ಕೆಟ್ಟ ಮನಸ್ಸಲ್ಲ, ಆದರೂ 'ಮುಂದಿನ ತಿಂಗಳು ನೋಡೋಣ' ಅನ್ನುವ ಮಾತು ಅಲ್ಲಿ ಹುಟ್ಟುತ್ತದೆ. ಹಾಗಾಗಿ ಇಡೀ ವರ್ಷದ ಹಣದಲ್ಲಿ ಅರ್ಧ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಬರಲಿ, ಉಳಿದದ್ದು ಸೆಪ್ಟೆಂಬರ್ ಮತ್ತು ಜನವರಿಯಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ದೊಡ್ಡ ತಂಡಗಳಿಂದ ಸವಾರರ ವರ್ಷದ ಸಂಬಳದ ಕಾಲು ಭಾಗಕ್ಕೆ ಬ್ಯಾಂಕ್ ಗ್ಯಾರಂಟಿ ಬರೆಸಿಕೊಳ್ಳುತ್ತದೆ. ತಂಡ ಮುಳುಗಿದರೆ ಮೂರು ತಿಂಗಳ ಸಂಬಳವಾದರೂ ಸಿಗಲಿ ಎಂದು. ನೀವೂ ಮೂರು ತಿಂಗಳ ಖರ್ಚನ್ನು ಮುಟ್ಟದ ಖಾತೆಯಲ್ಲಿ ಇಡುವವರೆಗೆ ಯಾರಿಗೂ ಮಾತು ಕೊಡಬೇಡಿ.

ಖಾತೆ ಒಬ್ಬರ ಹೆಸರಿನಲ್ಲಿ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸದಸ್ಯರಿದ್ದರೆ ಸಂಘ ನೋಂದಾಯಿಸಬಹುದು. ನೀವು ಆರು ಮಂದಿ, ಜೊತೆಗೊಬ್ಬರು ಹಿರಿಯರನ್ನು ಸೇರಿಸಿಕೊಳ್ಳಿ. ತಂಡದ ಹೆಸರು, ಸೈಕಲ್‌ಗಳು, ಫೇಸ್‌ಬುಕ್ ಪುಟ ಎಲ್ಲ ಸಂಘದ ಸ್ವತ್ತಾಗಿರಲಿ, ಸ್ಪಾನ್ಸರ್ ಹೆಸರು ಅದರ ಪಕ್ಕದಲ್ಲಿ ಕೂರಲಿ. ಟೆಲಿಕಾಮ್ ಹೋದ ಮೇಲೂ ಹೈರೋಡ್ ಉಸಿರಾಡಿದ್ದು ತಂಡ ಸ್ಟೇಪಲ್ಟನ್ ಕೈಯಲ್ಲಿ ಇದ್ದುದರಿಂದ. ಒಪ್ಪಂದ ಮೂರು ವರ್ಷದ್ದಿರಲಿ. ಬಿಡುವುದಾದರೆ ಜೂನ್ 30ರೊಳಗೆ ಬರೆದು ತಿಳಿಸಬೇಕು ಅನ್ನುವ ಷರತ್ತು ಹಾಕಿಸಿ. ಜಿಎಸ್‌ಟಿ ಯಾರು ಕಟ್ಟಬೇಕು ಅನ್ನುವುದನ್ನು ಆಡಿಟರ್ ಕೇಳಿ ಅದರಲ್ಲೇ ಬರೆಸಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ: ದೊಡ್ಡ ಕಂಪನಿ ಹಿಡಿದರೆ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ) ಹಣ ಸುಲಭವಾಗಿ ಬರುತ್ತದೆ ಅನ್ನುವುದು. ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಸಿಎಸ್‌ಆರ್ ಹಣ ಬಳಸಬಹುದು, ನಿಜ. ಆದರೆ ಸರಕಿನ ಪ್ರಚಾರಕ್ಕಾಗಿ ಕೊಡುವ ಸ್ಪಾನ್ಸರ್‌ಶಿಪ್ ಅದರಲ್ಲಿ ಸೇರುವುದಿಲ್ಲ. ಹುಡುಗರ ತರಬೇತಿಗೆ ಒಂದು ಅರ್ಜಿ, ಜೆರ್ಸಿ ಮೇಲಿನ ಹೆಸರಿಗೆ ಬೇರೆಯದೇ ಒಪ್ಪಂದ.

ಖರ್ಚಿನ ಪಟ್ಟಿ ಮಾಡುವಾಗ ಸೈಕಲ್ ಬೆಲೆಗಿಂತ ಸವೆಯುವ ಸಾಮಾನಿನಲ್ಲೇ ಎಲ್ಲರೂ ಎಡವುತ್ತಾರೆ. ವರ್ಷಕ್ಕೆ 12,000 ಕಿಮೀ ತುಳಿಯುವವನಿಗೆ ಚೈನು 3,000ದಿಂದ 4,000 ಕಿಮೀ ಬಾಳುತ್ತದೆ. ಅಂದರೆ ಮೂರೋ ನಾಲ್ಕೋ, ಆರು ಜನರಿಗೆ 24 ಅಂತ ಇಟ್ಟುಕೊಳ್ಳಿ. ಚೈನಿನ ಸವೆತ ಅಳೆಯುವ ಚೈನ್ ಚೆಕ್ಕರ್‌ನಲ್ಲಿ 0.5 ತೋರಿಸಿದ ದಿನವೇ ಬದಲಿಸಿದರೆ ಒಂದು ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗುಚ್ಛ) ಎರಡು ಮೂರು ಚೈನು ತಾಳುತ್ತದೆ. ಇನ್ನೂ ಸ್ವಲ್ಪ ದಿನ ಓಡಿಸೋಣ ಅಂದರೆ ಹೊಸ ಚೈನು ಹಳೆಯ ಕ್ಯಾಸೆಟ್ ಮೇಲೆ ಹಾರುತ್ತದೆ, ಎರಡನ್ನೂ ಕೊಳ್ಳಬೇಕು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕೆಂಪು ಕೆಸರು ಚೈನಿಗೆ ಅಂಟಿತೆಂದರೆ ಈ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವವರು ಬ್ರೇಕ್ ಪ್ಯಾಡನ್ನು ಪ್ರತಿ ವಾರ ಬಿಚ್ಚಿ ನೋಡಲೇಬೇಕು. ಒದ್ದೆ ರಸ್ತೆಯಲ್ಲಿ ರಿಮ್ ಬ್ರೇಕ್ ಪ್ಯಾಡಿಗೆ ಹರಳು ಹೊಕ್ಕರೆ ರಿಮ್ಮನ್ನೇ ಕೆರೆದುಹಾಕುತ್ತದೆ. ಟೈರು 28 ಎಂಎಂ ಇರಲಿ. ಹಾಸನ, ಬೇಲೂರು, ಚಿಕ್ಕಮಗಳೂರು ರಸ್ತೆಗೆ 25 ಎಂಎಂ ಹಾಕಿ ಗಟ್ಟಿಯಾಗಿ ಗಾಳಿ ತುಂಬಿದರೆ ವೇಗಕ್ಕಿಂತ ಪಂಕ್ಚರ್ ಹೆಚ್ಚು.

ರೇಸ್ ದಿನದ ಆಹಾರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ ಅಂಶ ಒಬ್ಬೊಬ್ಬರಿಗೆ. ನಾಲ್ಕು ಗಂಟೆಯ ರೇಸ್‌ಗೆ ಆರು ಜನರಿಗೆ ಸುಮಾರು ಒಂದೂವರೆಯಿಂದ ಎರಡು ಕೆಜಿ. ಬಾಟಲಿ ತಲಾ ಆರಾದರೂ ಬೇಕು, ಜೊತೆಗೆ ಅದನ್ನು ದಾರಿಯಲ್ಲಿ ನಿಂತು ಕೊಡುವ ಇಬ್ಬರು. ಈ ಇಬ್ಬರ ಬಸ್ ಚಾರ್ಜು, ಊಟ, ರಾತ್ರಿ ತಂಗುವ ಖರ್ಚನ್ನು ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ.

ಡೋಪಿಂಗ್ ನಮಗೇನು ಸಂಬಂಧ ಅನ್ನಬೇಡಿ. ದೇಹದಲ್ಲಿ ಸಿಕ್ಕಿದ್ದಕ್ಕೆಲ್ಲ ಸವಾರನೇ ಹೊಣೆ, ಗೊತ್ತಿರಲಿಲ್ಲ ಅನ್ನುವುದು ನಡೆಯುವುದಿಲ್ಲ. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ. ಅದು ನಿಷೇಧಿತ ಪಟ್ಟಿಯಲ್ಲಿದೆ. ಸೆಪ್ಟೆಂಬರ್‌ನ ಚಳಿ ಮಳೆಗೆ ಕೆಮ್ಮು ಹಿಡಿದ ಹುಡುಗ ಎರಡು ಚಮಚ ಕುಡಿದು ರೇಸ್‌ಗೆ ಬಂದರೆ ಸ್ಪಾನ್ಸರ್ ಹೆಸರೂ ಪೇಪರಿನಲ್ಲಿ ಬರುತ್ತದೆ. ಲೇಬಲ್ ಓದಿ, ತಂಡಕ್ಕೊಬ್ಬ ಡಾಕ್ಟರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಆ ವ್ಯಾಪಾರಿಯವರ ಹತ್ತಿರ ಹೋಗುವಾಗ 'ನಾವು ಗೆಲ್ಲುತ್ತೇವೆ' ಅನ್ನುವ ಮಾತಿನಿಂದ ಶುರು ಮಾಡಬೇಡಿ. ಅವರ ಕಾಫಿಪುಡಿ ಎಲ್ಲೆಲ್ಲಿ ಮಾರಾಟವಾಗುತ್ತದೆ ಕೇಳಿ. ಬೇಲೂರು, ಅರಸೀಕೆರೆ, ಕಡೂರು ಪೇಟೆಗಳಲ್ಲಿ ಭಾನುವಾರ ಬೆಳಿಗ್ಗೆ ಆರು ಜನ ಒಂದೇ ಜೆರ್ಸಿಯಲ್ಲಿ ಬಂದು ಅವರ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ ಕಾಫಿ ಕುಡಿದರೆ ಅದು ಅವರಿಗೆ ಕಣ್ಣಿಗೆ ಕಾಣುವ ಲಾಭ. ತಿಂಗಳಿಗೆ ಇಂಥ ಎರಡು ಸವಾರಿಯನ್ನು ಒಪ್ಪಂದದಲ್ಲೇ ಬರೆದುಕೊಡಿ. ರೇಸ್‌ನಲ್ಲಿ ಕೊನೆಯವರಾಗಿ ಬಂದ ತಿಂಗಳೂ ಅದನ್ನು ನೀವು ನಡೆಸಿಕೊಡಬಹುದು. ಸಹಿ ಏಪ್ರಿಲ್‌ನಲ್ಲಿ ಬೀಳಲಿ, ಮೊದಲ ಕಂತು ಖಾತೆಗೆ ಬಂದ ಮೇಲೆಯೇ ಜೆರ್ಸಿ ಹೊಲಿಸಲು ಕೊಡಿ.