ಬರಿಗಾಲ ನಡಿಗೆ ಮತ್ತು ಮೇಷ್ಟ್ರ ಕಪ್ಪು ಶೂ

ಒಂದೇ ಯೋಚನೆಯನ್ನು ರಾತ್ರಿಯಿಡೀ ಮೆಲುಕು ಹಾಕಿ ಬಳಲಿ ಬಂದವರಿಗೆ ನಾನು ಕೊಡುವ ಸಲಹೆಗಳಲ್ಲಿ ಬರಿಗಾಲ ನಡಿಗೆಯೂ ಒಂದು. ಬೆಳಿಗ್ಗೆ ಹದಿನೈದು ನಿಮಿಷ, ಹುಲ್ಲಿನ ಮೇಲೆ, ಮೊಬೈಲನ್ನು ಮನೆಯಲ್ಲೇ ಬಿಟ್ಟು. ಭೂಮಿಯಿಂದ ವಿದ್ಯುತ್ ಕಣಗಳು ಮೈಗೇರಿ ರೋಗ ಕಳೆಯುತ್ತವೆ ಎಂಬ ಮಾತನ್ನು ನಾನು ನಂಬುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ನನ್ನ ಲೆಕ್ಕ ಇಷ್ಟೇ: ಅಂಗಾಲು ಬಹಳ ಸೂಕ್ಷ್ಮ. ಇಬ್ಬನಿಯ ತಣ್ಪು, ಕಾಳಿನಷ್ಟು ಕಲ್ಲು, ಯಾವುದನ್ನೂ ಅದು ಬಿಡುವುದಿಲ್ಲ. ಹೆಜ್ಜೆ ಎಲ್ಲಿಡಬೇಕೆಂದು ನೋಡಿಕೊಂಡು ನಡೆಯುವವರಿಗೆ ನಾಳಿನ ಚಿಂತೆ ಅಷ್ಟು ಹೊತ್ತಾದರೂ ದೂರವಾಗುತ್ತದೆ. ಹಲವರಿಗೆ ಉಪಯೋಗವಾಗಿದೆ. ಈ ಮೇಷ್ಟ್ರಿಗೆ ಆಗಲಿಲ್ಲ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ಐವತ್ತು ದಾಟಿದೆ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಮುಖ್ಯೋಪಾಧ್ಯಾಯರಾಗಿ ಬಡ್ತಿ ಸಿಕ್ಕ ಮೇಲೆ ನಿದ್ದೆ ಹೋಗಿದೆ. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ. ವೈದ್ಯರು ಹೃದಯ ಸರಿಯಿದೆ ಎಂದು ಹೇಳಿ ನನ್ನ ಬಳಿ ಕಳಿಸಿದ್ದರು.

ನನ್ನ ಕೋಣೆಯ ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕವಿತ್ತು. ಮೊದಲ ದಿನವೇ ಕಂಡಿದ್ದೆ: ಅವರು ಬಗ್ಗಿ ಲೇಸು ಬಿಚ್ಚಿ, ಕರವಸ್ತ್ರದಿಂದ ಶೂಗಳ ಮೂತಿಯ ಧೂಳೊರೆಸಿ, ಗೋಡೆಗೆ ಒತ್ತಿ ಜೋಡಿಸಿಟ್ಟರು. ಒಳಗೆ ಬಂದು ಕೂತ ಮೇಲೂ ಎರಡು ಬಾರಿ ಬಾಗಿಲ ಕಡೆ ತಿರುಗಿದರು. ಕಳುವಿನ ಭಯವಿರಬೇಕು ಅಂದುಕೊಂಡೆ.

ಮೂರನೆಯ ಭೇಟಿಯಲ್ಲಿ ಬರಿಗಾಲ ನಡಿಗೆಯ ಮಾತೆತ್ತಿದೆ. ಕೇಳಬೇಕಾದದ್ದನ್ನೆಲ್ಲ ಕೇಳಿದ್ದೆ. ಸಕ್ಕರೆ ಕಾಯಿಲೆ ಇದೆಯೇ? ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿ, ಮುಳ್ಳು ಚುಚ್ಚಿದ್ದೂ ತಿಳಿಯದೆ ಹುಣ್ಣಾಗಬಹುದು. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ವೈದ್ಯರು ಇದನ್ನು ಪರೀಕ್ಷಿಸುತ್ತಾರೆ. ಅಂಥವರಿಗೆ ಮನೆಯೊಳಗೂ ಬರಿಗಾಲು ಬೇಡ ಎನ್ನುತ್ತೇನೆ. ಇವರಿಗೆ ಇರಲಿಲ್ಲ. ಬಯಲಿಗೆ ಹೋಗುವ ಜಾಗದ ಮಣ್ಣಾದರೆ ಕೊಕ್ಕೆಹುಳು ಅಂಗಾಲಿನ ಚರ್ಮದಿಂದಲೇ ಒಳಹೊಕ್ಕು ರಕ್ತಹೀನತೆ ತರುತ್ತದೆ ಎಂದೂ, ನೆಗ್ಗಿಲುಮುಳ್ಳು ಇಲ್ಲದ ಹುಲ್ಲು ನೋಡಿಕೊಳ್ಳಿ ಎಂದೂ ಹೇಳಿದೆ. ಅವರು ಸುಮ್ಮನಿದ್ದರು. ಹುರಿದುಂಬಿಸಲು, 2021ರ ನವೆಂಬರಿನಲ್ಲಿ ಅಂಕೋಲಾದ ತುಳಸಿ ಗೌಡ ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದು ಪದ್ಮಶ್ರೀ ಪಡೆದದ್ದನ್ನು ನೆನಪಿಸಿದೆ. ನೆಲದ ನಂಟು ಅಂದರೆ ಹಾಗಿರಬೇಕು ಎಂದೆ.

“ಅದು ಆ ಅಮ್ಮನ ರೂಢಿ, ಅವರ ಇಷ್ಟ ಮೇಡಂ,” ಎಂದರು ಮೇಷ್ಟ್ರು. “ನಮ್ಮಪ್ಪನ ಹತ್ತಿರ ಒಂದು ಜೊತೆ ಎಕ್ಕಡ ಇತ್ತು. ಊರ ಬೀದಿ ಬಂತೆಂದರೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಬೀದಿ ದಾಟಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಅವನ ಹಿಂದೆ ನಾನೂ ಕುಣಿಯುತ್ತ ನಡೆಯುತ್ತಿದ್ದೆ, ನೆಲ ಸುಡುತ್ತಿತ್ತಲ್ಲ. ಮೊದಲ ಸಂಬಳದಲ್ಲಿ ತೆಗೆದುಕೊಂಡದ್ದು ಶೂ. ಈಗ ನೀವು ನನಗೆ ಬಿಚ್ಚಿ ನಡೆ ಎನ್ನುತ್ತಿದ್ದೀರಿ.”

ನನಗೆ ತಕ್ಷಣ ಮಾತು ಹೊಳೆಯಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ವೃತ್ತಿಯಲ್ಲಿ ಮಾಡಬಾರದ್ದು ಅದು. ಕೊನೆಗೆ “ತಪ್ಪಾಯಿತು ಸರ್” ಎಂದೆ. ಅವರೇ ಮುಂದುವರಿಸಿದರು. ಬಡ್ತಿ ಸಿಕ್ಕಿದ್ದು ಅದೇ ಹೋಬಳಿಯ ಶಾಲೆಗೆ. ಹಿಂದೆ ಯಾರ ಮನೆ ಮುಂದೆ ಅಪ್ಪ ಎಕ್ಕಡ ಬಿಚ್ಚುತ್ತಿದ್ದನೋ, ಆ ಮನೆಯವರು ಈಗ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದಾರೆ. ಸಭೆಯಲ್ಲಿ ಯಾರೂ ಏನೂ ಅಂದಿಲ್ಲ. ಆದರೆ ಸಭೆಯ ಹಿಂದಿನ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಎರಡು ಭೇಟಿಗಳಲ್ಲಿ ಹೊರಬಾರದ ಈ ಮಾತು ನನ್ನ ತಪ್ಪು ಸಲಹೆಯ ಬೆನ್ನಿಗೆ ಬಂತು.

ಆಮೇಲೆ ಕೊಟ್ಟ ಸಲಹೆ: ಶೂ ಹಾಕಿಕೊಂಡೇ ನಡೆಯಿರಿ. ಯೋಚನೆ ಸುತ್ತತೊಡಗಿದಾಗ ಸಿಮೆಂಟು ರಸ್ತೆಯ ಮೇಲೆ ನಿಮ್ಮ ಹಿಮ್ಮಡಿಯ ಸದ್ದು ಕೇಳಿಸಿಕೊಳ್ಳಿ, ಇಪ್ಪತ್ತು ಹೆಜ್ಜೆ ಎಣಿಸಿ. ಗಮನಕ್ಕೆ ಒಂದು ಗೂಟ ಬೇಕು. ಅದು ಚರ್ಮವೇ ಆಗಬೇಕೆಂದಿಲ್ಲ, ಕಿವಿಯೂ ಆದೀತು. ಸಮಿತಿಯ ಸಭೆಯ ವಿಚಾರವನ್ನು ಬೇರೆಯಾಗಿ, ನಿಧಾನವಾಗಿ ಮಾತಾಡಿದೆವು, ಇನ್ನೂ ಮಾತಾಡುತ್ತಿದ್ದೇವೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು “ಬೆಳಗಿನ ವಾಕಿಂಗಿಗೂ ಜಾತಿ ತಂದಿರಾ?” ಎಂದು ನಕ್ಕರು. ನಾನು ತಂದದ್ದಲ್ಲ. ಅಸ್ಪೃಶ್ಯತೆಯನ್ನು ಅಪರಾಧವಾಗಿಸಿದ ಕಾನೂನು 1955ರಲ್ಲೇ ಬಂದಿದೆ. ಈ ಮೇಷ್ಟ್ರು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಅವರ ಬಾಲ್ಯದ ಅಂಗಾಲು ಸುಟ್ಟಿದೆ. ಬರಿಗಾಲು ಹಿತವೆನಿಸುವುದು ಚಪ್ಪಲಿ ಗೂಡಿನಲ್ಲಿ ನಾಲ್ಕು ಜೊತೆ ಇಟ್ಟುಕೊಂಡವರಿಗೆ, ನನ್ನಂಥವರಿಗೆ. ಸಲಹೆಯನ್ನು ನಾನು ಬಿಟ್ಟಿಲ್ಲ, ಈಗಲೂ ಕೊಡುತ್ತೇನೆ. ಸಕ್ಕರೆಯ ಪ್ರಶ್ನೆಯ ಜೊತೆಗೆ ‘ಚಿಕ್ಕಂದಿನಲ್ಲಿ ಕಾಲಿಗೆ ಏನು ಹಾಕುತ್ತಿದ್ದಿರಿ?’ ಎಂದೂ ಕೇಳುತ್ತೇನೆ. ಹೆಚ್ಚಿನವರಿಗೆ ನಗು ಬರುತ್ತದೆ.

ಬಾಗಿಲ ಫಲಕ ತೆಗೆಸಿದ್ದೇನೆ. ಮೇಷ್ಟ್ರು ಮಾತ್ರ ಈಗಲೂ ಶೂ ಹೊರಗೇ ಬಿಟ್ಟು ಬರುತ್ತಾರೆ. ನೆಲ ಕೊಳೆಯಾದೀತು ಎನ್ನುತ್ತಾರೆ. ಕಳೆದ ತಿಂಗಳು ಮೂರರ ಬದಲು ನಾಲ್ಕೂವರೆಗೆ ಎಚ್ಚರವಾಗುತ್ತಿದೆ ಎಂದರು.