ಕಪ್ ಆಡ್ತಾ ಆಡ್ತಾ ಲೀಗ್ ಕೈ ತಪ್ಪುತ್ತಾ?

ನಿಮ್ಮ ಫುಟ್‌ಬಾಲ್ ತಂಡಕ್ಕೆ ಸೋತರೆ ಹೊರಗೆ ಅನ್ನುವ ನಾಕೌಟ್ ಟೂರ್ನಿಯಲ್ಲಿ, ಅಂದರೆ ಕಪ್‌ನಲ್ಲಿ, ಸೆಮಿಫೈನಲ್, ಪಾಯಿಂಟ್ ಲೆಕ್ಕದ ಲೀಗ್‌ನಲ್ಲಿ ಎರಡನೇ ಸ್ಥಾನ, ಕೈಯಲ್ಲಿರುವುದು ಹದಿನೆಂಟೇ ಹುಡುಗರು. ಕಪ್ ಕೈಬಿಟ್ಟು ಲೀಗ್ ಉಳಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಹಿಂಡಿದ ಹಾಗಾಯಿತು. ಕೆಲವು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ.

ಆಗ ನಾನು ಬೆಂಗಳೂರಿನ ಕೆಳಗಿನ ಡಿವಿಷನ್ನಿನಲ್ಲಿದ್ದ ಒಂದು ಸಣ್ಣ ಕ್ಲಬ್ಬಿಗೆ ಕೋಚ್. ಸಂಬಳ ಇಲ್ಲ. ಹುಡುಗರಲ್ಲಿ ಒಬ್ಬ ಕೊರಿಯರ್ ಹಂಚುವವನು, ಇಬ್ಬರು ಗ್ಯಾರೇಜಿನವರು, ಉಳಿದವರೆಲ್ಲ ಕಾಲೇಜು. ಲೀಗ್ ಮ್ಯಾಚು ಅಶೋಕನಗರದ ಸ್ಟೇಡಿಯಂನಲ್ಲಿ, ಟರ್ಫ್ ಮೇಲೆ. ಟೂರ್ನಿ ಮಾತ್ರ ಮಣ್ಣಿನ ಮೈದಾನದಲ್ಲಿ. ಬೆಳಗ್ಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದರೂ ಮಧ್ಯಾಹ್ನದ ಹೊತ್ತಿಗೆ ನೆಲ ಒಣಗಿ ಕಲ್ಲಾಗಿರುತ್ತಿತ್ತು.

ಟೂರ್ನಿ ಬೇಡ ಅನ್ನುವ ಹಾಗಿರಲಿಲ್ಲ. ಲೀಗ್ ಗೆದ್ದರೆ ಮೇಲಿನ ಡಿವಿಷನ್ನಿಗೆ ಬಡ್ತಿ ಸಿಗುತ್ತದೆ, ದುಡ್ಡು ಬರುವುದಿಲ್ಲ. ಟೂರ್ನಿ ಗೆದ್ದರೆ ಮುಂದಿನ ವರ್ಷದ ಜರ್ಸಿ, ಚೆಂಡು, ಓಡಾಟದ ಖರ್ಚು ಎಲ್ಲ ಬರುತ್ತಿತ್ತು. ನಿಮ್ಮ ಕಥೆಯೂ ಇದೇ ಇರಬೇಕು, ಅಲ್ವಾ?

ಸೆಮಿಫೈನಲ್ ಭಾನುವಾರ. ಲೀಗ್ ಮ್ಯಾಚು ಬುಧವಾರ. ಸೆಮಿಯ ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷಕ್ಕೆ ನಾವು 3-0 ಮುಂದಿದ್ದೆವು. ನಮ್ಮ ಆರನೇ ನಂಬರಿನ ಹುಡುಗ, ಅದೇ ಕೊರಿಯರ್ ಹುಡುಗ, ಡಿಫೆನ್ಸ್ ಮುಂದೆ ನಿಂತು ಇಡೀ ತಂಡವನ್ನು ಹಿಡಿದಿಟ್ಟಿದ್ದ. ಚೆಂಡು ಹೊರಗೆ ಹೋದಾಗ ಅವನು ಬಗ್ಗಿ ಸಾಕ್ಸ್ ಮೇಲೆಳೆದುಕೊಂಡ. ಏಳುವಾಗ ಬಲಗೈ ತೊಡೆಯ ಹಿಂದೆ ಹೋಯಿತು. ಎರಡು ಬೆರಳಲ್ಲಿ ಒತ್ತಿ ನೋಡಿಕೊಂಡ, ಅಷ್ಟೇ. ನಾನು ಅದನ್ನು ನೋಡಿದೆ. ನೋಡಲಿಲ್ಲ ಅಂತ ಹೇಳುವ ಹಾಗಿಲ್ಲ.

ಬೆಂಚಿನಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗ ಇದ್ದ. ಹತ್ತು ನಿಮಿಷದಿಂದ ಗೆರೆಯ ಪಕ್ಕ ಓಡಿ ಮೈ ಬಿಸಿ ಮಾಡಿಕೊಂಡಿದ್ದ. ಜರ್ಸಿ ಮೇಲೆ ಹಾಕಿಕೊಂಡಿದ್ದ ಬಿಬ್ ತೆಗೆದು ಕೈಯಲ್ಲಿ ಹಿಡಿದು, 'ಅಣ್ಣಾ, ನಾನಾ?' ಅಂತ ಕೇಳಿದ. ಇನ್ನೈದು ನಿಮಿಷ ಇರು ಅಂದೆ. ಆ ಐದು ನಿಮಿಷ ಮುಗಿಯಲೇ ಇಲ್ಲ.

ಯಾಕೆ ಇಳಿಸಲಿಲ್ಲ? ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಇದೇ ಯೋಚನೆಗಳು ಬರುತ್ತವೆ. ಒಂದು ಗೋಲು ಬಿದ್ದರೆ ಹುಡುಗರು ಗಾಬರಿಯಾಗುತ್ತಾರೆ ಅಂದುಕೊಂಡೆ. ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಕ್ಲಬ್ಬಿನ ಹಿರಿಯರು ಟೀಮ್ ಮುಟ್ಟಬೇಡ ಅಂತ ಕೂಗುತ್ತಿದ್ದರು. ಆರನೇ ನಂಬರಿನವನನ್ನು ಕೇಳಿದರೆ ಹೆಬ್ಬೆರಳು ತೋರಿಸಿದ. ಆಡುವ ಹುಡುಗ ಯಾವತ್ತೂ ಹೆಬ್ಬೆರಳೇ ತೋರಿಸುತ್ತಾನೆ. ಅವನನ್ನು ಕೇಳಿದ್ದೇ ತಪ್ಪು. ಆದರೆ ಇದೆಲ್ಲ ಮೇಲಿನ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಬೆಂಚಿನ ಹುಡುಗನ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಂಬಿಕೆ ಯಾಕಿರಲಿಲ್ಲ ಅಂದರೆ ಅವನು ಮ್ಯಾಚಿನಲ್ಲಿ ಆಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾಕೆ ನೋಡಿರಲಿಲ್ಲ ಅಂದರೆ ಆ ಸೀಸನ್ನಿನ ಎಂಟು ಮ್ಯಾಚಿನಲ್ಲಿ ಅವನಿಗೆ ನಾನು ಕೊಟ್ಟಿದ್ದು ಒಟ್ಟು ಹನ್ನೊಂದು ನಿಮಿಷ. ನೋಟ್‌ಬುಕ್ಕಿನಲ್ಲಿ ನನ್ನ ಕೈಬರಹದಲ್ಲೇ ಇದೆ. ಅಂದರೆ ಭಾನುವಾರ ಮಾಡಿದ ತಪ್ಪು ಭಾನುವಾರದ್ದಲ್ಲ. ಲೀಗ್‌ನ ಮೊದಲ ವಾರವೇ ಶುರುವಾಗಿತ್ತು. 4-0 ಗೆದ್ದ ಮ್ಯಾಚಿನಲ್ಲೂ ಅದೇ ಹನ್ನೊಂದು ಜನರನ್ನು ಕೊನೆಯವರೆಗೂ ಆಡಿಸಿದ್ದೆ.

ಮ್ಯಾಚು ಮುಗಿಯಲು ಎಂಟು ನಿಮಿಷ ಇತ್ತು. ಹೊರಗೆ ಹೋಗುತ್ತಿದ್ದ ಚೆಂಡಿನ ಹಿಂದೆ ಆರನೇ ನಂಬರಿನವನು ಓಡಿದ. ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗೆ ತಟ್ಟನೆ ನಿಂತ. ಆಮೇಲೆ ಕೂತ. ಕಬ್ಬಿನ ಹಾಲಿನ ಗಾಡಿಯವರ ಹತ್ತಿರ ಐಸ್ ಕೇಳಿ, ಪ್ಲಾಸ್ಟಿಕ್ ಕವರಿಗೆ ಹಾಕಿ ತೊಡೆಯ ಕೆಳಗೆ ಇಟ್ಟೆವು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹರಿದಿತ್ತು. ಆರು ವಾರ ಗಾಡಿ ಓಡಿಸುವ ಹಾಗಿರಲಿಲ್ಲ, ಆರು ವಾರ ಅವನ ಮನೆಗೆ ದುಡಿಮೆ ಇರಲಿಲ್ಲ. ಕ್ಲಬ್ಬಿನಿಂದ ಸ್ವಲ್ಪ ಕೊಟ್ಟೆವು. ಅದು ಸಾಕಾಗಿರಲಿಲ್ಲ, ನನಗೆ ಗೊತ್ತು.

ಬುಧವಾರ 2-0 ಸೋತೆವು. ಆರನೇ ಜಾಗದಲ್ಲಿ ಆ ಹದಿನೇಳರ ಹುಡುಗ. ಅವನದೇನೂ ತಪ್ಪಿಲ್ಲ, ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಮುಂದಿನ ಭಾನುವಾರ ಪೆನಾಲ್ಟಿಯಲ್ಲಿ ಕಪ್ ಗೆದ್ದೆವು. ಲೀಗ್‌ನಲ್ಲಿ ಇನ್ನೊಂದು ಡ್ರಾ, ಇನ್ನೊಂದು ಸೋಲು. ಒಂದೇ ಒಂದು ಪಾಯಿಂಟಿನಲ್ಲಿ ಬಡ್ತಿ ಹೋಯಿತು.

ಕಪ್ ಆಸೆಗೆ ಲೀಗ್ ಕಳೆದುಕೊಂಡೆವು ಅಂತ ಕ್ಲಬ್ಬಿನಲ್ಲಿ ಎಲ್ಲರೂ ಅಂದರು. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ. ಕಪ್ಪಾ ಲೀಗಾ ಅನ್ನುವುದು ಆಮೇಲಿನ ಮಾತು. ಮೂರು ದಿನದಲ್ಲಿ ಎರಡು ಮ್ಯಾಚು ಆಡಲು ನಿಮ್ಮಲ್ಲಿ ಎಷ್ಟು ಜನ ತಯಾರಿದ್ದಾರೆ, ಅದನ್ನು ಮೊದಲು ನೋಡಿ.

ಕಪ್ ಗೆದ್ದರೆ ಶಾಪ ಅನ್ನುವವರು ಇಂಗ್ಲೆಂಡಿನ ವಿಗನ್ ಕ್ಲಬ್ಬಿನ ಹೆಸರು ಹೇಳುತ್ತಾರೆ. 2013ರ ಮೇ 11, ಶನಿವಾರ, ಅಲ್ಲಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್. ಕೊನೆಯ ಕ್ಷಣದಲ್ಲಿ ವಿಗನ್‌ನ ಬೆನ್ ವಾಟ್ಸನ್ ತಲೆಯಿಂದ ಗೋಲು ಹೊಡೆದು ಮ್ಯಾಂಚೆಸ್ಟರ್ ಸಿಟಿಯನ್ನು 1-0ಯಿಂದ ಸೋಲಿಸಿದರು. ಮಂಗಳವಾರ ಆರ್ಸೆನಲ್ ಮೈದಾನದಲ್ಲಿ 4-1 ಸೋತು ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನಿಂದಲೇ ಕೆಳಗೆ ಬಿದ್ದರು. ಒಂದೇ ಸೀಸನ್ನಿನಲ್ಲಿ ಎಫ್‌ಎ ಕಪ್ ಗೆದ್ದು ಕೆಳಗಿಳಿದ ಮೊದಲ ತಂಡ ಅದು. ಶನಿವಾರದಿಂದ ಮಂಗಳವಾರ, ನಮ್ಮ ಭಾನುವಾರದಿಂದ ಬುಧವಾರದಷ್ಟೇ ಅಂತರ. ಆದರೆ ಫೈನಲ್‌ಗೆ ನಾಲ್ಕು ದಿನ ಮೊದಲೇ ಅವರು ತಮ್ಮ ಮೈದಾನದಲ್ಲೇ ಸ್ವಾನ್ಸಿಗೆ 3-2 ಸೋತಿದ್ದರು. 38 ಮ್ಯಾಚಿನಲ್ಲಿ 36 ಪಾಯಿಂಟ್ ಮಾಡಿದ ತಂಡ ಕಪ್ ಇಲ್ಲದಿದ್ದರೂ ಕಷ್ಟದಲ್ಲೇ ಇರುತ್ತಿತ್ತು.

ಅದೇ ಸೀಸನ್ನಿನಲ್ಲಿ ಇಂಗ್ಲೆಂಡಿನ ನಾಲ್ಕನೇ ಹಂತದ ಲೀಗ್‌ನಲ್ಲಿದ್ದ ಬ್ರಾಡ್‌ಫರ್ಡ್ ಸಿಟಿ ಏನು ಮಾಡಿತು ನೋಡಿ. ಲೀಗ್ ಕಪ್ ಅನ್ನುವ ಇನ್ನೊಂದು ನಾಕೌಟ್ ಟೂರ್ನಿಯಲ್ಲಿ ಪ್ರೀಮಿಯರ್ ಲೀಗ್‌ನ ಆರ್ಸೆನಲ್, ಆಸ್ಟನ್ ವಿಲ್ಲಾ ಎರಡನ್ನೂ ದಾಟಿ ಫೈನಲ್‌ಗೆ ಹೋದರು. ಫೈನಲ್‌ನಲ್ಲಿ 5-0 ಸೋತರು. ಸುಮಾರು ಮೂರು ತಿಂಗಳಾದ ಮೇಲೆ, ಆ ಫೈನಲ್ ಸೋತ ಅದೇ ವೆಂಬ್ಲಿ ಮೈದಾನದಲ್ಲಿ, ಬಡ್ತಿಗಾಗಿ ಆಡುವ ಪ್ಲೇಆಫ್ ಫೈನಲ್ 3-0 ಗೆದ್ದು ಬಡ್ತಿ ಪಡೆದರು. ನಮ್ಮ ಬೆಂಗಳೂರು ಎಫ್‌ಸಿಯೂ ಹಾಗೇ. 2022ರ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಟೂರ್ನಿ ಗೆದ್ದರು, ಆಮೇಲೆ ಐಎಸ್‌ಎಲ್‌ನ, ಅಂದರೆ ಇಂಡಿಯನ್ ಸೂಪರ್ ಲೀಗ್‌ನ, ಮೊದಲ ಅರ್ಧದಲ್ಲಿ ಸೋಲಿನ ಮೇಲೆ ಸೋಲು. ಡುರಾಂಡ್‌ನಲ್ಲೇ ಎಲ್ಲ ಸುರಿದುಬಿಟ್ಟರು ಅಂತ ಕಂಠೀರವದ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದವರು ಬೈಯುತ್ತಿದ್ದರು. ಕೊನೆಗೆ ಲೀಗ್‌ನ ಕಡೆಯ ಎಂಟು ಮ್ಯಾಚು ಸತತವಾಗಿ ಗೆದ್ದು ಫೈನಲ್‌ವರೆಗೂ ಹೋದರು. ಹಾಗಾಗಿ ಕಪ್ ಆಡಿದ್ದಕ್ಕೇ ಲೀಗ್ ಹೋಯಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನೀವು ಕಪ್ ಬಿಡಬೇಡಿ. ಹತ್ತು ಜನರನ್ನು ಬದಲಿಸಿ ಸುಮ್ನೆ ಸೋಲಲು ತಂಡ ಕಳಿಸುವುದಂತೂ ಬೇಡವೇ ಬೇಡ. ಸೆಮಿವರೆಗೂ ದುಡಿದ ಹುಡುಗರಿಗೆ ಅದು ಮೋಸ, ಸೋತ ಮನಸ್ಸು ಲೀಗ್‌ಗೂ ಬರುತ್ತದೆ. ಮೂರೋ ನಾಲ್ಕೋ ಜನರನ್ನು ಬದಲಿಸಿ. ಮುಂದಿದ್ದರೆ ಒಂದು ಗಂಟೆಯ ಆಟ ಆದ ಕೂಡಲೇ ನಿಮ್ಮ ಮುಖ್ಯ ಆಟಗಾರನನ್ನು ಹೊರಗೆ ಕರೆಯಿರಿ. ಅವನು ಮುಖ ಊದಿಸಿಕೊಳ್ಳಲಿ, ಪರವಾಗಿಲ್ಲ. ಮರುದಿನ ಓಟ ಬೇಡ. ಕಾಲು ಪೂರ್ತಿ ಸರಿಹೋಗಲು ಮೂರು ದಿನವಾದರೂ ಬೇಕು, ನಮ್ಮ ಹುಡುಗರಂತೂ ಮಧ್ಯೆ ಕೆಲಸಕ್ಕೂ ಹೋಗುತ್ತಾರೆ. ಕಾರ್ಡಿನ ನಿಯಮವನ್ನೂ ಇವತ್ತೇ ಕೇಳಿಕೊಳ್ಳಿ. ಟೂರ್ನಿಯಲ್ಲಿ ಬಿದ್ದ ರೆಡ್ ಕಾರ್ಡ್ ಲೀಗ್‌ಗೂ ಲೆಕ್ಕಕ್ಕೆ ಬರುತ್ತದಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ.

ಸೆಮಿಗೆ ಇನ್ನೂ ಹತ್ತು ದಿನ ಇದೆ ಅಂದಿದ್ದೀರಿ. ಮಧ್ಯೆ ಒಂದು ಲೀಗ್ ಮ್ಯಾಚು ಬರುತ್ತದೆ, ಅಲ್ವಾ? ಬೆಂಚಿನ ಹುಡುಗನನ್ನು ಅದರಲ್ಲೇ ಶುರುವಿನಿಂದ ಆಡಿಸಿ. ನನ್ನ ಬೆಂಚಿನ ಹುಡುಗ ಮುಂದಿನ ವರ್ಷ ಬೇರೆ ಕ್ಲಬ್ಬಿಗೆ ಹೋದ, ಅಲ್ಲಿ ಎಲ್ಲ ಮ್ಯಾಚಿಗೂ ಅವನನ್ನು ಮೊದಲಿನಿಂದ ಇಳಿಸಿದರು. ಅವನು ನಮ್ಮ ವಿರುದ್ಧ ಆಡಿದ ದಿನ ನಾನು ಗೆರೆಯ ಆಚೆ ನಿಂತು ನೋಡಿದೆ. ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.